ಸುಂಕದ ಮನೆಯ ಮೇಜು ಮತ್ತು ಸತ್ತವರ ಗೋಧಿ

ಶ್ರೀ ಥೆಮೆಲಿಸ್ ಸಾರೂಕೋಸ್ ಅವರಿಗೆ,
ನಿರ್ದೇಶಕರು, ಪುರಸಭಾ ಸಾಂಸ್ಕೃತಿಕ ಕೇಂದ್ರ,
ಹಳೆಯ ಸುಂಕದ ಮನೆ, ಬಂದರು.

ಪ್ರತಿಗಳು: ಒಂದು, ನಮ್ಮ ದ್ವೀಪದ ವಾರಪತ್ರಿಕೆಗೆ. ಇನ್ನೊಂದು, ಬೇಕರಿಯ ಎದುರು ಸಾವಿನ ಚೀಟಿಗಳನ್ನು ಅಂಟಿಸುವ ದೀಪದ ಕಂಬಕ್ಕೆ, ಯಾಕೆಂದರೆ ವಾರಪತ್ರಿಕೆ ಓದದವರೂ ಆ ಕಂಬವನ್ನು ಓದದೆ ಮುಂದೆ ಹೋಗುವುದಿಲ್ಲ.

ವಿಷಯ: ಬರುವ ಶುಕ್ರವಾರ ಒಂದು ದಿನದ ಮಟ್ಟಿಗೆ ಸುಂಕದ ಮನೆಯ ಅಮೃತಶಿಲೆ ಮೇಜನ್ನು ಸತ್ತವರ ಗೋಧಿ ಒಣಗಿಸಲು ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: ಸದರಿ ಮೇಜನ್ನು ಬಿಟ್ಟುಕೊಡಲು ಬರುವುದಿಲ್ಲ ಎಂಬ ತಮ್ಮ ಪತ್ರ, ಸಂಖ್ಯೆ ೧೧೪೭.

ಮಾನ್ಯರೇ,

ತಾವು ಕ್ಷೇಮ, ತಮ್ಮ ತಿರುಗುವ ಕುರ್ಚಿ ಕ್ಷೇಮ, ತಮ್ಮ ಕೇಂದ್ರದ ಗಾಜಿನ ಬಾಗಿಲೂ ಕ್ಷೇಮವೆಂದು ನಂಬಿ, ಬಂದರು ಕೇರಿಯ ಸೆವಸ್ತಿ ಕಲಫಾತಿ, ಅಂದರೆ ತೀರಿಹೋದ ಯಾಕುಮಿಯ ಹೆಂಡತಿ, ವಯಸ್ಸು ಎಪ್ಪತ್ತೆಂಟು, ತಮ್ಮ ಘನ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಬರಹದಲ್ಲಿ ತಪ್ಪುಗಳಿದ್ದರೆ ಮನ್ನಿಸಬೇಕು. ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ, ಆದರೆ ಆ ಕಾಲದ ಹೈಸ್ಕೂಲಿನಲ್ಲಿ ಓದುಬರಹ ಕಲಿಸುತ್ತಿದ್ದರು. ತಮ್ಮನ್ನು ‘ತಾವು’ ಎಂದು ಕರೆಯಲು ಪೆನ್ನು ಸ್ವಲ್ಪ ಹಿಂದೆಮುಂದೆ ನೋಡುತ್ತಿದೆ, ಯಾಕೆಂದರೆ ತಮ್ಮ ನಾಮಕರಣದ ದಿನ ಪಾದ್ರಿಗಳು ತಮ್ಮನ್ನು ನೀರಿನ ಕೊಳಗದಿಂದ ಮೇಲೆತ್ತಿದಾಗ ಸುತ್ತಿದ ಟವೆಲು ನನ್ನ ಮನೆಯದು, ಅದನ್ನು ತಮ್ಮ ಮನೆಯವರು ಇನ್ನೂ ಹಿಂದಿರುಗಿಸಿಲ್ಲ. ಆದರೂ ತಾವು ಪತ್ರದಲ್ಲಿ ನನ್ನನ್ನು ‘ಮಾನ್ಯ ಅರ್ಜಿದಾರರೇ’ ಎಂದು ಕರೆದಿರುವುದರಿಂದ, ಮರ್ಯಾದೆಯಲ್ಲಿ ನಾನು ಸೋಲುವುದು ನಮ್ಮ ಮನೆತನಕ್ಕೆ ಒಪ್ಪುವ ಮಾತಲ್ಲ.

ಸುಂಕದ ಮನೆಗೆ ತಾವು ತಂದಿರುವ ಕಳೆಯನ್ನು ಮೊದಲು ಹೊಗಳದಿದ್ದರೆ ನಾಲಿಗೆಗೆ ಪಾಪ ತಟ್ಟೀತು. ಸುಂಕದವರು ಹಡಗು ನಿಲ್ಲುವ ಹೊಸ ಧಕ್ಕೆಗೆ ಹೋದ ಮೇಲೆ ಎಷ್ಟೋ ವರ್ಷ ಅಲ್ಲಿ ಬಲೆಗಳಿದ್ದವು, ಮುರಿದ ಹುಟ್ಟುಗಳಿದ್ದವು, ಪಾರಿವಾಳಗಳಿದ್ದವು. ಈಗ ಗೋಡೆಗಳು ಎಷ್ಟು ಬಿಳಿಯಾಗಿವೆಯೆಂದರೆ ಒಳಗೆ ಹೋದವರು ತಮಗೇ ಗೊತ್ತಿಲ್ಲದೆ ದನಿ ತಗ್ಗಿಸಿ, ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳುತ್ತಾರೆ. ಕಿಟಕಿಗಳಿಂದ ಸಮುದ್ರ ಕಾಣಿಸುತ್ತಿತ್ತು. ಅದರಿಂದ ಪ್ರದರ್ಶನಕ್ಕೆ ಭಂಗ ಬರುತ್ತದೆಂದು ತಾವು ಕಿಟಕಿಗಳಿಗೆ ಬೂದು ಪರದೆ ಎಳೆಸಿ, ಆ ಪರದೆಯ ಮೇಲೆ ಯಂತ್ರದಿಂದ ಸಮುದ್ರದ ಚಿತ್ರ ಬಿಡುತ್ತಿದ್ದೀರಿ. ಕೇಂದ್ರವು ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ, ಅಂದರೆ ದ್ವೀಪದಲ್ಲಿ ಕೆಲಸವಿರುವವರೆಲ್ಲ ಕೆಲಸದಲ್ಲಿರುವ ಹೊತ್ತಿನಲ್ಲಿ, ಎಲ್ಲರಿಗೂ ತೆರೆದಿರುತ್ತದೆ. ಸಂಸ್ಕೃತಿ ಸವೆಯದಂತೆ ಕಾಪಾಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆಯುತ್ತಿರಲಿಲ್ಲ.

ಆ ಕಟ್ಟಡದ ಕೀಲಿಕೈ ನಲವತ್ತು ವರ್ಷ ನನ್ನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಜರಡಿಯ ಪಕ್ಕದಲ್ಲಿ. ಹೋದ ವರ್ಷ ಉದ್ಘಾಟನೆಗೆ ಮುಂಚೆ ತಾವೇ ಮನೆಗೆ ಬಂದು, ನಾನು ಮಾಡಿದ ಕಾಫಿ ಕುಡಿದು, ಚರಟ ಬಟ್ಟಲಿನ ತಳದಲ್ಲಿ ಉಳಿದಾಗ, “ಕೀಲಿಕೈ ಕೊಟ್ಬಿಡಿ ಅಜ್ಜಿ. ಯಾವಾಗ ಬೇಕಾದ್ರೂ ಬನ್ನಿ, ಅದು ನಿಮ್ಮನೆ ಇದ್ದ ಹಾಗೇನೇ,” ಎಂದಿರಿ. ನಾನು ಕೊಟ್ಟೆ. ಫೋಟೋ ತೆಗೆದರು. ಈಗ ಅದೇ ಕೀಲಿಕೈ ಗಾಜಿನ ಪೆಟ್ಟಿಗೆಯಲ್ಲಿ ವೆಲ್ವೆಟ್ಟಿನ ಮೇಲೆ ಮಲಗಿದೆ, ಕೆಳಗೆ ಚೀಟಿ ಇದೆ: ‘ಕಬ್ಬಿಣದ ವಸ್ತು. ಉಪಯೋಗ ತಿಳಿದುಬಂದಿಲ್ಲ.’ ತಮ್ಮ ತಜ್ಞರು ಕಂಡುಹಿಡಿಯುವವರೆಗೆ ಕಾಯಲು ನಾನು ಸಿದ್ಧ. ಅವರಿಗೆ ಸುಳಿವು ಬೇಕಾದರೆ, ಅದನ್ನು ನಾವು ಬಾಗಿಲಿನ ತೂತಿಗೆ ಹಾಕಿ ಬಲಕ್ಕೆ ತಿರುಗಿಸುತ್ತಿದ್ದೆವು.

ಈಗ ಗೋಧಿಯ ಮಾತು. ತಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಆದರೆ ಗೊತ್ತಿರುವುದನ್ನು ಕಾಗದದಲ್ಲಿ ಬರೆದುಕೊಟ್ಟರೆ ಮಾತ್ರ ಕಚೇರಿಗೆ ಗೊತ್ತಾಗುತ್ತದೆ ಎಂದು ಈಚೆಗೆ ಕಲಿತಿದ್ದೇನೆ. ಆತ್ಮಗಳ ಶನಿವಾರ ಚರ್ಚಿನಲ್ಲಿ ನಮ್ಮ ಸತ್ತವರ ಹೆಸರು ಓದಿಸಬೇಕು, ಓದಿಸಬೇಕಾದರೆ ಗೋಧಿ ಒಯ್ಯಬೇಕು. ಗುರುವಾರ ಬೇಯಿಸಿ, ಶುಕ್ರವಾರ ಹರವಿ ನೀರಾರಿಸಿ, ಆಮೇಲೆ ಬಾದಾಮಿ, ಎಳ್ಳು, ದಾಳಿಂಬೆ ಕಾಳು ಬೆರೆಸಿ, ಮೇಲೆ ಸಕ್ಕರೆ ಪುಡಿಯನ್ನು ಬಿಳಿ ಹೊದಿಕೆಯ ಹಾಗೆ ಒತ್ತಿ, ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳಿಂದ ಶಿಲುಬೆ ಕೂಡಿಸಬೇಕು. ನಮ್ಮ ಬಂದರು ಕೇರಿಯ ಪಟ್ಟಿಯಲ್ಲಿ ಹೋದ ವರ್ಷ ನೂರಾ ಹನ್ನೆರಡು ಹೆಸರುಗಳಿದ್ದವು, ಅಂದರೆ ಒಂದೂವರೆ ಮೂಟೆ ಗೋಧಿ. ಅಷ್ಟನ್ನು ಹರವಲು ಇಡೀ ದ್ವೀಪದಲ್ಲಿ ಒಂದೇ ಒಂದು ಜಾಗವಿದೆ, ಅದು ಸುಂಕದ ಮನೆಯ ಮೇಜು: ಹದಿನಾಲ್ಕು ಅಡಿ ಉದ್ದ, ಒಂದೇ ಕಲ್ಲು, ಮೇ ತಿಂಗಳಲ್ಲೂ ತಣ್ಣಗೆ. ಒದ್ದೆ ಗೋಧಿಯನ್ನು ಬಿಳಿ ದುಪ್ಪಟಿಯಲ್ಲಿ ಹಾಕಿ, ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ಒಳಗೆ ತರುತ್ತೇವೆ. ಆ ನಾಲ್ವರು ಯಾರೆಂದು ಕೆಳಗೆ ಬರುತ್ತದೆ. ಈಗ ಹೇಳಿದರೆ ತಾವು ಪತ್ರವನ್ನು ಮಡಚಿ ಖಾನೆಗೆ ಹಾಕಿಬಿಡಬಹುದು.

ಹೋದ ಜೂನಿನಲ್ಲಿ ಆತ್ಮಗಳ ಶನಿವಾರದ ಹಿಂದಿನ ದಿನ, ಎಂದಿನಂತೆ ಗೋಧಿ ಹೊತ್ತು ಬಂದಾಗ, ಅದೇ ದಿನ ತಮ್ಮ ಉದ್ಘಾಟನೆಯೂ ಇದ್ದಿತು. ಗಾಜಿನ ಬಾಗಿಲಿಗೆ ಅಂದು ಹೂಕುಂಡ ಒತ್ತಿಟ್ಟು ತೆರೆದಿಟ್ಟಿದ್ದರು, ಯಾರೂ ನಮ್ಮನ್ನು ತಡೆಯಲಿಲ್ಲ. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ಆಗಲೇ ಬೇಯಿಸಿದ ಗೋಧಿ ಹರವಿದೆ, ಮೇಲೆ ಬಿಳಿ ಸಕ್ಕರೆ ಸುರಿದಿದೆ, ಪಕ್ಕದಲ್ಲಿ ದಪ್ಪ ಕಾಗದದ ಮೇಲೆ ಹೆಸರಿದೆ: ‘ಪೆರಿಕ್ಲಿಸ್ ವಾಂದೋರೋಸ್, ೧೯೭೪–’. ಗೀಟಿನಾಚೆ ಖಾಲಿ. ಯಾರೋ ಪರ ಊರಿನವರು, ದುಃಖದಲ್ಲಿ ಸತ್ತ ಇಸವಿಯನ್ನೂ ಬರೆಯಲು ಮರೆತಿದ್ದಾರೆ, ಪಾಪ, ನಲವತ್ತೆರಡೋ ನಲವತ್ತಮೂರೋ ಆಗಿರಬೇಕು ಎಂದುಕೊಂಡೆವು. ಮೇಜಿನ ತುದಿಯಲ್ಲಿ ಕಪ್ಪು ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು, ಮೂರು ದಿನ ಉಂಡಿಲ್ಲದವರ ಮುಖದಲ್ಲಿ ಒಬ್ಬರು ನಿಂತಿದ್ದರು. ಸತ್ತವನ ಅಣ್ಣನೋ ತಮ್ಮನೋ ಇರಬೇಕೆಂದು ನಾವೆಲ್ಲ ಸಾಲಾಗಿ ಹೋಗಿ ಅವರ ಕೈ ಹಿಡಿದು, ನಮ್ಮ ರೂಢಿಯಂತೆ, ತಮಗಾದರೂ ದೇವರು ಆಯುಸ್ಸು ಕೊಡಲಿ ಎಂದೆವು. ಅವರು ಕಣ್ಣು ತುಂಬಿಕೊಂಡು, ಇಷ್ಟು ಆಳವಾಗಿ ಯಾರೂ ತನ್ನನ್ನು ಅರ್ಥ ಮಾಡಿಕೊಂಡಿರಲಿಲ್ಲ ಎಂದರು.

ನನ್ನ ನಾದಿನಿ ಅನೆಜಿನಾಳನ್ನು ತಾವು ಬಲ್ಲಿರಿ. ಸಾವಿನ ಮನೆಯಲ್ಲಿ ವಿವರ ಕೇಳದೆ ಆಕೆ ಹಿಂದಿರುಗಿದವಳಲ್ಲ. ಆಕೆ ಅವರ ತೋಳು ಸವರುತ್ತ, “ಹೇಗಾಯ್ತು ಮಗಾ?” ಎಂದಳು.

“ಮೂರು ವರ್ಷ ಹಿಡೀತು ಅಮ್ಮಾ.”

“ಅಯ್ಯೋ ನನ್ನಪ್ಪ, ಮೂರು ವರ್ಷ ನರಳಿದ್ರಾ?”

“ನರಳದೆ ಇಂಥದ್ದು ಆಗುತ್ತಾ? ಕೊನೆಕೊನೆಗೆ ಹಾಸಿಗೆಯಿಂದ ಏಳೋದೇ ಕಷ್ಟವಾಗಿತ್ತು. ಆಮೇಲೆ ಒಂದು ದಿನ ಬೆಳಗ್ಗೆ ಇದ್ದಕ್ಕಿದ್ದ ಹಾಗೆ ಮುಗೀತು.”

“ಮುಗಿದದ್ದೇ ಒಳ್ಳೇದಾಯ್ತು ಬಿಡು,” ಎಂದು ಅನೆಜಿನಾ ಶಿಲುಬೆಯ ಗುರುತು ಹಾಕಿಕೊಂಡು, ಚೀಲದಿಂದ ಚಮಚ ತೆಗೆದಳು.

ಇದರಲ್ಲಿ ನಮ್ಮ ತಪ್ಪೇನೆಂದು ತಾವೇ ಹೇಳಬೇಕು. ಪರರ ಮನೆಯ ಸತ್ತವರ ಗೋಧಿ ಎದುರಿಗಿದ್ದು ತಿನ್ನದೆ ಹೋದರೆ ಅವರಿಗೆ ಕ್ಷಮೆ ಬೇಡವೆಂದ ಹಾಗಾಗುತ್ತದೆ. ನಾವು ಹದಿನೇಳು ಹೆಂಗಸರು ತಲಾ ಎರಡು ಚಮಚ ತಿಂದು, ದೇವರು ಪೆರಿಕ್ಲಿಸ್‌ನನ್ನು ಕ್ಷಮಿಸಲಿ ಎಂದೆವು. ಹಿಂದೆ ಬಂದ ಮೀನುಗಾರರೂ ತಿಂದು ಹಾಗೇ ಎಂದರು. ಪುರಸಭೆಯ ಇಬ್ಬರು ಸದಸ್ಯರೂ, ಸಾಲು ಕಂಡಲ್ಲಿ ಸೇರುವ ಅಭ್ಯಾಸದಿಂದ, ತಿಂದರು. ಬಿಳಿ ಸಕ್ಕರೆಯಲ್ಲಿ ಒಂದು ಕುರಿ ಮಲಗುವಷ್ಟು ಹಳ್ಳ ಬಿದ್ದ ಮೇಲೆ ಆ ಮಹನೀಯರು ಕಿರುಚಿದರು. ಅದು ‘ಗೈರುಹಾಜರಿ, ಭಾಗ ಮೂರು’ ಎಂಬ ಕಲಾಕೃತಿಯೆಂದೂ, ಪೆರಿಕ್ಲಿಸ್ ವಾಂದೋರೋಸ್ ತಾನೇ ಎಂದೂ, ತಾನು ಬದುಕಿರುವೆನೆಂದೂ ಆಗ ತಿಳಿಯಿತು. ಮೂರನೆಯ ಸಂಗತಿ ಕೇಳಿ ನಮಗೆ ನಿಜಕ್ಕೂ ಸಂತೋಷವಾಯಿತು. ಮೊದಲನೆಯದರ ಬಗ್ಗೆ ನನಗೆ ತಿಳಿದದ್ದನ್ನು ಹೇಳುವುದಾದರೆ, ಗೋಧಿ ಇನ್ನೂ ಕಾಲು ಗಂಟೆ ಬೇಯಬೇಕಿತ್ತು, ಉಪ್ಪಿನ ಚಿಟಿಕೆ ಇರಲಿಲ್ಲ, ದಾಳಿಂಬೆಯಂತೂ ಕೇಳಲೇಬೇಡಿ. ಭಾಗ ನಾಲ್ಕಕ್ಕೆ ಮುಂಚೆ ಅವರು ನನ್ನ ಅಡುಗೆಮನೆಗೆ ಬಂದರೆ ತೋರಿಸಿಕೊಡುತ್ತೇನೆ. ಒಂದೇ ಒಂದು ಸಂಗತಿಗೆ ವಿಷಾದವಿದೆ. ಕಿರುಚಾಟಕ್ಕೆ ಮುಂಚೆಯೇ ನಾನು, ಹೊಣೆಗಾರಿಕೆಯಿಂದ, ಅವರ ಹೆಸರನ್ನು ಪಾದ್ರಿಗಳಿಗೆ ಕಳಿಸಿಬಿಟ್ಟಿದ್ದೆ. ಮರುದಿನ ಬೆಳಗ್ಗೆ ಅದು ನೂರಾ ಹನ್ನೆರಡು ಹೆಸರುಗಳ ಜೊತೆ ಸತ್ತವರ ಪಟ್ಟಿಯಲ್ಲಿ ಓದಿಸಿಕೊಂಡಿತು. ಒಮ್ಮೆ ಓದಿದ್ದನ್ನು ವಾಪಸು ಪಡೆಯುವ ಕ್ರಮ ನಮ್ಮ ಚರ್ಚಿನಲ್ಲಿಲ್ಲವಂತೆ.

ನಮ್ಮ ಗೋಧಿಯ ಗತಿ ಯಾರೂ ಕೇಳಲಿಲ್ಲ. ಅದನ್ನು ಚರ್ಚಿನ ಹಿಂದಿನ ಕೋಣೆಯ ಪ್ಲಾಸ್ಟಿಕ್ ಹೊದಿಸಿದ ಮೇಜುಗಳ ಮೇಲೆ ಹರವಿದೆವು, ಬೆವರಿತು, ಹಳಸಿತು. ಐವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಗಂಡಂದಿರಿಗೆ ಹುಳಿ ಗೋಧಿ ಕೊಟ್ಟೆವು. ಅವರು ಬದುಕಿದ್ದಾಗಲೂ ನಮ್ಮ ಅಡುಗೆಗೆ ಹೆಸರಿಟ್ಟವರಲ್ಲ, ಈಗಲೂ ಸುಮ್ಮನಿದ್ದರು.

ಮುಂದಿನ ವರ್ಷಕ್ಕಾದರೂ ಮೇಜು ಕೊಡಿ ಎಂದು ಆಮೇಲೆ ಅರ್ಜಿ ಹಾಕಿದೆ, ಅದಕ್ಕೆ ತಮ್ಮ ಪತ್ರ ಬಂದಿತು. ಮೇಜು ‘ಸಂರಕ್ಷಿತ ವಸ್ತು’ವಾಗಿರುವುದರಿಂದ ಅದರ ಮೇಲೆ ‘ಸಾವಯವ ಪದಾರ್ಥ’ಗಳನ್ನು ಇಡತಕ್ಕದ್ದಲ್ಲ ಎಂದು ಓದಿ, ಈ ‘ಸಾವಯವ ಪದಾರ್ಥ’ ಎಂದರೆ ಗೋಧಿಯೋ ನಾವೋ ಎಂದು ಕೇಳಿ ತಿಳಿದುಕೊಳ್ಳಲು ನಾನೇ ಹೊರಟು ಬಂದೆ. ಆ ದಿನ ತಮ್ಮ ಬಾಗಿಲಿನ ಪರಿಚಯವಾಯಿತು. ಎದುರಿಗೆ ಯಾರಾದರೂ ನಿಂತರೆ ತಾನಾಗಿ ತೆರೆದುಕೊಳ್ಳುವ ಬಾಗಿಲಂತೆ. ನಾನು ನಿಂತೆ. ತೆರೆಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನಿಂತೆ. ಕೈ ಬೀಸಿದೆ. ನನ್ನ ವಯಸ್ಸಿನಲ್ಲಿ, ಇಡೀ ಬಂದರು ನೋಡುತ್ತಿರುವಾಗ, ಒಂದು ಗಾಜಿಗೆ ನಮಸ್ಕಾರವನ್ನೂ ಮಾಡಿದೆ. ಏಳು ನಿಮಿಷವಾದ ಮೇಲೆ ಮೀನಂಗಡಿಯ ಕೆಂಚು ಬೆಕ್ಕು ಬಾಲವೆತ್ತಿಕೊಂಡು ಬಂದಿತು. ಬಾಗಿಲು ಮಂತ್ರಿಗೆ ತೆರೆದ ಹಾಗೆ ತೆರೆಯಿತು. ನಾನು ಬೆಕ್ಕಿನ ಹಿಂದೆ, ಅದರ ಕಡೆಯವಳಂತೆ, ಒಳಗೆ ಹೋದೆ. ಬಾಗಿಲು ರಿಪೇರಿಗೆ ಬಂದಿದ್ದ ಮನುಷ್ಯ ಏಣಿಯ ಮೇಲಿಂದಲೇ ತಿಳಿಸಿಕೊಟ್ಟ. “ಕಪ್ಪು ಬಟ್ಟೆ ಬೆಳಕು ನುಂಗಿಬಿಡುತ್ತೆ ಅಜ್ಜಿ. ನೀವು ನಿಂತ್ರೂ ಅದಕ್ಕೆ ಅಲ್ಲಿ ಯಾರೂ ಇಲ್ಲ. ಬಿಳೀದು ಏನಾದ್ರೂ ಹಾಕ್ಕೊಂಡು ಬನ್ನಿ.” ಈ ಬಂದರಿನಲ್ಲಿ ಅರವತ್ತು ದಾಟಿದ ಹೆಂಗಸರಲ್ಲಿ ಕಪ್ಪು ಉಡದವರು ಎಷ್ಟು ಮಂದಿ ಎಂದು ತಾವು ಬೆರಳಲ್ಲಿ ಎಣಿಸಬಹುದು. ಅಷ್ಟು ದೂರದಿಂದ ಬಂದ ಯಂತ್ರವೊಂದು ಈ ಊರಿನಲ್ಲಿ ಯಾರನ್ನು ನೋಡಬಾರದೆಂದು ಮೊದಲ ದಿನವೇ ಕಲಿತುಕೊಂಡದ್ದಕ್ಕೆ ಅಭಿನಂದನೆಗಳು.

ಒಳಗೆ ತಾವು ಸಭೆಯಲ್ಲಿದ್ದಿರಿ. ಕಾಯುತ್ತ ನಾನು ಸುತ್ತ ಕಟ್ಟಿದ್ದ ಹಗ್ಗದ ಆಚೆ ಕೈಚಾಚಿ ಮೇಜನ್ನು ಒಮ್ಮೆ ಮುಟ್ಟಿದೆ, ಅಷ್ಟೆ. ಎಲ್ಲಿಂದಲೋ ಯಂತ್ರವೊಂದು ಅಳಲು ಶುರುಮಾಡಿತು. ಎಂಥ ಅಳು! ಆ ಮೇಜಿನ ಹತ್ತಿರ ನಿಂತು ಯಾರೂ ಹಾಗೆ ಗಂಟಲು ಬಿಟ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾವು ಅತ್ತದ್ದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ.

ತಮ್ಮ ಕಚೇರಿಯ ಹುಡುಗಿ ಬಹಳ ಸಭ್ಯಳು. ನನ್ನನ್ನು ಕೂರಿಸಿ, ನೀರು ಕೊಟ್ಟು, ಮಹಡಿಯ ‘ವಿವಿಧೋದ್ದೇಶ ಕೊಠಡಿ’ಯನ್ನು ಕೇಳಿಕೊಳ್ಳಬಹುದೆಂದು ನಮೂನೆಯೊಂದನ್ನು ಕೊಟ್ಟಳು. ಆ ಕೊಠಡಿಗೆ ರತ್ನಗಂಬಳಿ ಹಾಸಿದ್ದೀರಿ, ಒದ್ದೆ ಗೋಧಿಗೆ ಅದಕ್ಕಿಂತ ಮೆತ್ತನೆಯ ಗೋರಿ ಸಿಗಲಾರದು. ಆದರೂ ನಮೂನೆಯನ್ನು ನಿಷ್ಠೆಯಿಂದ ತುಂಬಿದೆ, ಪ್ರತಿ ಇದರೊಂದಿಗಿದೆ. ಕಾರ್ಯಕ್ರಮದ ಸ್ವರೂಪ, ಸಂಗೀತವೋ ಉಪನ್ಯಾಸವೋ ಪ್ರದರ್ಶನವೋ: ಊಟ. ಭಾಗವಹಿಸುವವರ ಸಂಖ್ಯೆ: ನೂರಾ ಹನ್ನೆರಡು. ಅವರು ಖುದ್ದಾಗಿ ಹಾಜರಾಗುತ್ತಾರೆಯೇ: ಹೇಳಲು ಬರುವುದಿಲ್ಲ. ವಿಶೇಷ ಸೌಕರ್ಯ ಬೇಕಾದವರಿದ್ದಾರೆಯೇ: ಎಲ್ಲರೂ. ಹಿಂದೆ ಇದೇ ಸ್ಥಳದಲ್ಲಿ ಕಾರ್ಯಕ್ರಮ ನೀಡಿದ ಅನುಭವ: ಐವತ್ತಾರು ವರ್ಷ. ಮುಖ್ಯ ಕಲಾವಿದರ ಕಿರುಪರಿಚಯ ಎಂಬಲ್ಲಿ ಮೂರೇ ಗೆರೆ ಇದ್ದವು, ಆದ್ದರಿಂದ ಅದನ್ನು ಇಲ್ಲಿ ಬರೆಯುತ್ತೇನೆ.

‘ಆಯಾ ಪೆಲಾಯಾ’ ಎಂಬ ದೋಣಿ ಈಸ್ಟರ್ ಮುಗಿಸಿಕೊಂಡು ಆಫ್ರಿಕಾದ ತೀರಕ್ಕೆ ಸ್ಪಂಜು ತೆಗೆಯಲು ಹೋಯಿತು. ಹನ್ನೊಂದು ಮಂದಿ. ಅಕ್ಟೋಬರಿನಲ್ಲಿ ಬರಬೇಕು. ಬರುವ ವಾರ ನಾವು ಹೆಂಗಸರು ದಿನಾ ಸುಂಕದ ಮನೆಯ ಮುಂದೆ ನಿಲ್ಲುತ್ತಿದ್ದೆವು, ಯಾಕೆಂದರೆ ತಂತಿ ಬರುತ್ತಿದ್ದದ್ದು ಅಲ್ಲಿಗೆ. ಒಂದು ಬೆಳಗ್ಗೆ ಸುಂಕದ ಅಧಿಕಾರಿ ನಮ್ಮನ್ನು ಒಳಗೆ ಕರೆದು, ತಾನು ಮೇಜಿನ ಆಚೆ ನಿಂತು, ತಂತಿಯಲ್ಲಿದ್ದ ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ಓದಿದ. ನಾನು ಮೇಜಿನ ಈಚೆ ಕಲ್ಲಿನ ಅಂಚು ಹಿಡಿದು ನಿಂತಿದ್ದೆ, ಇಪ್ಪತ್ತೆರಡು ವರ್ಷ, ಹೊಟ್ಟೆಯಲ್ಲಿ ನನ್ನ ಎರಡನೆಯವಳು. ಯಾಕುಮಿಯದು ಒಂಬತ್ತನೆಯ ಹೆಸರು. ಎಂಟನೆಯದು ಮುಗಿದಾಗ, ಇನ್ನು ಮೂರೇ ತಾನೇ, ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ದೇಹಗಳು ಸಿಗಲಿಲ್ಲ. ನಮ್ಮ ಸ್ಮಶಾನದಲ್ಲಿ ಆ ಹನ್ನೊಂದು ಮಂದಿಗೆ ಕಲ್ಲಿಲ್ಲ. ಮುಂದಿನ ಆತ್ಮಗಳ ಶನಿವಾರ ಬಂದಾಗ, ಗೋಧಿಯನ್ನು ಯಾವ ಕಲ್ಲಿನ ಬಳಿಗೆ ಒಯ್ಯುವುದೆಂದು ಯಾರಿಗೂ ತಿಳಿಯದೆ, ಕಡೆಗೆ ಕೊನೆಯ ಸಲ ಅವರ ಹೆಸರು ಕೇಳಿದ ಕಲ್ಲಿಗೇ ಒಯ್ದೆವು. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತದೆ ಗಾದೆ. ಆ ಅಧಿಕಾರಿ ಯಾಕೆಂದು ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಮೇಜಿನ ಮೇಲಿದ್ದ ಕಡತ, ಮುದ್ರೆ, ತಕ್ಕಡಿ ಎಲ್ಲ ತಾನೇ ಎತ್ತಿಟ್ಟು, ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿಕೊಟ್ಟು, ಟೋಪಿ ತೆಗೆದು ಹೊರಗೆ ಹೋಗಿ ನಿಂತ. ಸುಂಕದವನು ನಮ್ಮ ಮಾತು ಕೇಳಿದ, ಸಂಸ್ಕೃತಿಯವರು ಆವಕ ಸಂಖ್ಯೆ ಕೊಟ್ಟರು. ಗಾದೆಯನ್ನು ತಿದ್ದಬೇಕಾದ ಇಲಾಖೆ ಯಾವುದೆಂದು ತಿಳಿಸಬೇಕು.

ಇನ್ನು ಐದನೆಯ ಹೆಸರು. ಅಂದು ಆ ಅಧಿಕಾರಿ ಐದನೆಯದಾಗಿ ಓದಿದ ಹೆಸರು ‘ಥೆಮೆಲಿಸ್ ಸಾರೂಕೋಸ್’. ದ್ವೀಪದ ಪದ್ಧತಿಯಂತೆ ಮೊದಲ ಮೊಮ್ಮಗನಿಗೆ ತಾತನ ಹೆಸರು, ಆದ್ದರಿಂದ ಆ ಹೆಸರು ಈಗ ತಮ್ಮ ಬಾಗಿಲಿನ ಹಿತ್ತಾಳೆ ಹಲಗೆಯ ಮೇಲಿದೆ, ತಮ್ಮ ಮುದ್ರೆಯಲ್ಲಿದೆ, ೧೧೪೭ನೆಯ ಪತ್ರದ ಕೆಳಗೂ ಇದೆ. ನಾನು ಆ ಪತ್ರವನ್ನು ಮೂರು ಸಲ ಓದಿದೆ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ. ಥೆಮೆಲಿಸ್ ಸಾರೂಕೋಸ್‌ಗೆ ಈ ಮೇಜಿನ ಮೇಲೆ ಜಾಗವಿಲ್ಲ ಎಂದು ಬರೆದು, ಕೆಳಗೆ ಥೆಮೆಲಿಸ್ ಸಾರೂಕೋಸ್ ಎಂದು ಸಹಿ ಮಾಡಲಾಗಿತ್ತು. ಇಷ್ಟು ನಿಷ್ಪಕ್ಷಪಾತವಾದ ಆಡಳಿತವನ್ನು ನಾನು ನೋಡಿರಲಿಲ್ಲ.

ಇದೆಲ್ಲದರ ಹಿನ್ನೆಲೆಯಲ್ಲಿ, ಮೇಜು ಬಿಟ್ಟುಕೊಡುವುದು ನಿಯಮಕ್ಕೆ ವಿರುದ್ಧವಾದರೆ, ತಮಗೆ ತೊಂದರೆಯಾಗದಂಥ ಕೆಲವು ಸಣ್ಣ ಬೇಡಿಕೆಗಳನ್ನಾದರೂ ಈಡೇರಿಸಬೇಕು. ಹನ್ನೊಂದು ಮಂದಿ ಸ್ವತಃ ಬಂದು ಮುಚ್ಚಳಿಕೆ ಬರೆದುಕೊಡುವಂತೆ ಸಮುದ್ರಕ್ಕೆ ಪುರಸಭೆಯಿಂದ ನೋಟಿಸು ಕಳಿಸಬೇಕು. ಕೆಲಸದ ಅವಧಿಯಲ್ಲಿ, ಅಂದರೆ ಎರಡು ಗಂಟೆಯೊಳಗೆ, ಅವರನ್ನು ದಡಕ್ಕೆ ತಂದು ಬಿಡಲು ಅದಕ್ಕೆ ಸೂಚಿಸಬೇಕು. ಕ್ಷಮಾಭಿಕ್ಷೆಯ ದಿನವನ್ನು ಶನಿವಾರದಿಂದ ಬುಧವಾರಕ್ಕೆ ಬದಲಾಯಿಸಲು ಆಕಾಶದ ಕಚೇರಿಯೊಂದಿಗೆ ಪತ್ರವ್ಯವಹಾರ ನಡೆಸಬೇಕು. ಕೆಂಚು ಬೆಕ್ಕಿಗೆ ಸಾಂಸ್ಕೃತಿಕ ಸಮಿತಿಯಲ್ಲಿ ಸದಸ್ಯತ್ವ ಕೊಡಬೇಕು, ಯಾಕೆಂದರೆ ನಮ್ಮ ಪರವಾಗಿ ಒಳಗೆ ಹೋಗಬಲ್ಲ ಏಕೈಕ ಪ್ರಜೆ ಅದು. ಮತ್ತು ಮೇಜಿನ ಪಕ್ಕದ ಚೀಟಿಯಲ್ಲಿ ‘ವ್ಯಾಪಾರದ ಸುವರ್ಣಯುಗದ ಕುರುಹು’ ಎಂಬ ಮಾತಿನ ಕೆಳಗೆ, ಜಾಗವಿದ್ದರೆ, ಹನ್ನೊಂದು ಹೆಸರುಗಳನ್ನು ಬರೆಯಬೇಕು. ಇದೊಂದು ಬೇಡಿಕೆ ಉಳಿದವುಗಳ ನಡುವೆ ತಮಾಷೆಯಾಗಿ ಕಂಡರೆ, ಇನ್ನೊಮ್ಮೆ ಓದಬೇಕು.

ಈಗ ನಾಲ್ಕು ಮೂಲೆಗಳ ಸಂಗತಿ. ಮೊದಲ ವರ್ಷ ದುಪ್ಪಟಿ ಹಿಡಿದವರು ನಾನು, ಅನೆಜಿನಾ, ದೋಣಿಯ ಯಜಮಾನನ ಹೆಂಡತಿ ಮತ್ತು ತಮ್ಮ ಅಜ್ಜಿ ಕಲೋತಿನಾ. ಒಂದೊಂದು ಮನೆಗೆ ಒಂದೊಂದು ಮೂಲೆ. ಯಜಮಾನನ ಹೆಂಡತಿ ಹೋದ ಮೇಲೆ ಆ ಮೂಲೆಯನ್ನು ಆಕೆಯ ಸೊಸೆ ಹಿಡಿಯುತ್ತಾಳೆ. ಕಲೋತಿನಾ ಮಾತ್ರ ತೊಂಬತ್ತೊಂದಾದರೂ ತನ್ನ ಮೂಲೆ ಯಾರಿಗೂ ಬಿಟ್ಟವಳಲ್ಲ. ಹೋದ ಜೂನಿನಲ್ಲಿ, ಕಲಾಕೃತಿಯ ಗಲಾಟೆಯಲ್ಲಿ ನಾವು ಗೋಧಿಯನ್ನು ವಾಪಸು ಹೊತ್ತುಕೊಂಡು ಹೋಗುವಾಗ, ಆಕೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ, ಮೆಟ್ಟಿಲ ಮೇಲೆ ನಿಂತು, “ಸೆವಸ್ತಿ, ಮುಂದಿನ ಸಲ ಈ ಮೂಲೆ ನಮ್ಮ ಹುಡುಗನಿಗೆ ಕೊಡು. ಅವನಿಗೂ ತಾತ ಇದ್ದ ಅಂತ ಗೊತ್ತಾಗ್ಲಿ,” ಎಂದಳು. ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಾಗ, ನಲವತ್ತನೆಯ ದಿನಕ್ಕೆ ತಾವು ಗೋಧಿ ತಂದಿರಿ, ಸಂತೋಷ. ಅದು ಮಿಠಾಯಿ ಅಂಗಡಿಯಿಂದ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಬಂದಿತ್ತು, ಪ್ರತಿಯೊಂದರ ಮೇಲೂ ಇಂಥ ದಿನದೊಳಗೆ ಉಪಯೋಗಿಸತಕ್ಕದ್ದು ಎಂದು ಅಚ್ಚಾಗಿತ್ತು. ನಾನು ಅಂದು ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಜಗಳವಾಡುವ ಮನೆತನ ನಮ್ಮದಲ್ಲ, ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಈ ಶನಿವಾರ ಪಟ್ಟಿಯಲ್ಲಿ ನೂರಾ ಹದಿಮೂರು ಹೆಸರುಗಳು. ಕಡೆಯದು ಕಲೋತಿನಾ.

ಆದ್ದರಿಂದ ತಮಗೆ ಮೊದಲೇ ತಿಳಿಸುವುದು ಸೌಜನ್ಯವೆಂದು ಬರೆಯುತ್ತಿದ್ದೇನೆ: ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ತಮ್ಮ ಕಚೇರಿಯ ಸಮಯಕ್ಕೆ ಸರಿಯಾಗಿ, ನಾವು ಬರುತ್ತೇವೆ. ಹರವುವ ಎರಡನೆಯ ದುಪ್ಪಟಿಯನ್ನು ಬಿಚ್ಚಿ, ಎದೆಯ ಮುಂದೆ ಹಿಡಿದು, ನಾನು ಬಾಗಿಲಿನ ಎದುರು ನಿಲ್ಲುತ್ತೇನೆ. ಅದು ಬಿಳಿ. ಹೋದ ಮಂಗಳವಾರ ದಿಂಬಿನ ಚೀಲ ಹಿಡಿದು ಪರೀಕ್ಷೆ ಮಾಡಿ ನೋಡಿದ್ದೇನೆ; ಬಾಗಿಲು ನನ್ನ ಮದುವೆಯ ದಿನ ಚರ್ಚಿನ ಬಾಗಿಲು ತೆರೆದ ಹಾಗೆ ತೆರೆಯಿತು. ಹಗ್ಗವನ್ನು ಅನೆಜಿನಾ ಬಿಚ್ಚುತ್ತಾಳೆ, ಮೀನುಗಾರನ ಮಗಳಿಗೆ ಗಂಟು ಬಿಚ್ಚಲು ಹೇಳಿಕೊಡಬೇಕಿಲ್ಲ. ಯಂತ್ರ ಅಳುತ್ತದೆ. ಅಳಲಿ, ನಿಲ್ಲಿಸಬೇಡಿ, ನಾವು ಐವತ್ತಾರು ವರ್ಷ ಆ ಕೋಣೆಯಲ್ಲಿ ಅಳದೆ ಉಳಿಸಿದ್ದನ್ನೆಲ್ಲ ಅದು ಒಂದೇ ದಿನದಲ್ಲಿ ತೀರಿಸಲಿ.

ಆದರೆ ಒದ್ದೆ ಗೋಧಿ ಭಾರ. ಮೂರು ಮೂಲೆಗೆ ಮೂವರಿದ್ದೇವೆ. ನಾಲ್ಕನೆಯದನ್ನು ನಾನು ಬೇರೆ ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಬಾಗಿಲಿನಿಂದ ಮೇಜಿಗೆ ಹದಿನೆಂಟು ಹೆಜ್ಜೆ. ಆ ಮೂಲೆ ನೆಲಕ್ಕೆ ತಾಗಿದರೆ ಗೋಧಿಯೆಲ್ಲ ತಮ್ಮ ಹೊಳೆಯುವ ನೆಲದ ಮೇಲೆ ಚೆಲ್ಲುತ್ತದೆ. ಮೇಜಿನ ಮೇಲೆ ಇಡಬಾರದೆಂದು ನಿಯಮವಿದೆ, ನೆಲದ ಬಗ್ಗೆ ೧೧೪೭ರಲ್ಲಿ ಏನೂ ಹೇಳಿಲ್ಲ. ತಾವು ಮಹಡಿಯ ಕಚೇರಿಯ ಕಿಟಕಿಯಿಂದ ನೋಡಿಕೊಂಡಿರಬಹುದು, ಸಭೆಯಲ್ಲಿರಬಹುದು, ಅಥವಾ ಕೆಳಗಿಳಿದು ಬರಬಹುದು. ಬರುವುದಾದರೆ ಅಂಗಿಯ ತೋಳು ಮಡಚಿಕೊಂಡು ಬನ್ನಿ, ಬೆರಳ ಉಂಗುರ ತೆಗೆದಿಡಿ, ಬಟ್ಟೆಯನ್ನು ಎರಡು ಸುತ್ತು ಮುಷ್ಟಿಗೆ ಸುತ್ತಿಕೊಳ್ಳಿ. ತಮ್ಮ ಅಜ್ಜಿ ಹಾಗೇ ಹಿಡಿಯುತ್ತಿದ್ದಳು.

ಗಾಜಿಗೆ ಕಾಣದಿದ್ದರೂ ಬಾಗಿಲಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಸೆವಸ್ತಿ ಕಲಫಾತಿ
(ಟವೆಲಿನ ಯಜಮಾನಿ)

ಮ.ವಿ.: ಪಾದ್ರಿಗಳಿಗೆ ನಾವು ಎರಡು ಪಟ್ಟಿ ಕೊಡುತ್ತೇವೆಂದು ತಾವು ಬಲ್ಲಿರಿ, ಒಂದು ಬದುಕಿರುವವರ ಆರೋಗ್ಯಕ್ಕೆ, ಒಂದು ಸತ್ತವರ ಶಾಂತಿಗೆ. ಥೆಮೆಲಿಸ್ ಸಾರೂಕೋಸ್ ಎಂಬ ಹೆಸರು ಎರಡನೆಯ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ. ಮೊದಲನೆಯ ಪಟ್ಟಿಯಲ್ಲೂ ಅದೇ ಹೆಸರನ್ನು ಇಷ್ಟು ವರ್ಷ ತಮ್ಮ ಅಜ್ಜಿ ಸ್ವಂತ ಕೈಯಿಂದ ಬರೆದು ಸೇರಿಸುತ್ತಿದ್ದಳು. ಈಗ ಬರೆಯುವವರು ಯಾರೂ ಇಲ್ಲ. ಶುಕ್ರವಾರ ತಾವು ಕೆಳಗಿಳಿದು ಬಂದರೆ, ಬದುಕಿದ್ದೀರೆಂದು ಕಣ್ಣಾರೆ ಕಂಡ ಮೇಲೆ, ನಾನೇ ಬರೆಯುತ್ತೇನೆ. ಬರದಿದ್ದರೆ ಖಾತ್ರಿಯಿಲ್ಲದ್ದನ್ನು ಬರೆಯಲಾರೆ. ಶ್ರೀ ವಾಂದೋರೋಸರ ವಿಷಯದಲ್ಲಿ ಅವಸರಪಟ್ಟು ಒಮ್ಮೆ ಪಾಠ ಕಲಿತಿದ್ದೇನೆ.